ಹಳೆ ಟಿ60ಗೆ 64 ಬಿಟ್ ಪ್ರೊಸೆಸರ್: ಎಸ್‌ಪಿ ರೋಡ್‌ನಿಂದ ಡೆಬಿಯನ್ 13ರವರೆಗೆ

ಲ್ಯಾಪ್‌ಟಾಪ್ ಹಳೆಯದಾಯಿತು, ನಿಧಾನ ಆಯಿತು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು: ‘ಯಾವುದಾದರೂ ಲೈಟ್ ಲಿನಕ್ಸ್ ಹಾಕು.’ ಮಾತು ಸರಿಯೇ. ಆದರೆ ಈಗ ಅದಕ್ಕಿಂತ ಮುಂಚೆ ಇನ್ನೊಂದು ನೋಡಬೇಕು. ಪ್ರೊಸೆಸರ್ 32 ಬಿಟ್ಟೋ 64 ಬಿಟ್ಟೋ, ಅಂದರೆ ಒಂದು ಸಲಕ್ಕೆ ಎಷ್ಟು ದೊಡ್ಡ ಸಂಖ್ಯೆ ಹಿಡಿಯುತ್ತದೆ? 32 ಬಿಟ್ ಆಗಿದ್ದರೆ ಡೆಸ್ಕ್‌ಟಾಪ್ ಎಷ್ಟೇ ಹಗುರ ಇರಲಿ, ಅಪ್‌ಡೇಟ್ ಬರುವ ದಾರಿಯೇ ಮುಚ್ಚುತ್ತಾ ಬಂದಿದೆ. ನನ್ನ ಕೈಗೆ ಬಂದದ್ದು ಅಂಥ ಮೆಷಿನ್. ಅದಕ್ಕೆ ಓಎಸ್ ಬದಲಿಸುವ ಮೊದಲು ಪ್ರೊಸೆಸರನ್ನೇ ಬದಲಿಸಿದೆ.

ಥಿಂಕ್‌ಪ್ಯಾಡ್ ಟಿ60, 2006ರದು. ಐಬಿಎಂನ ಪಿಸಿ ವ್ಯಾಪಾರವನ್ನು ಲೆನೊವೊ ಕೊಂಡ ಮೇಲೆ ಬಂದದ್ದಾದರೂ ಮುಚ್ಚಳದ ಮೇಲೆ ಐಬಿಎಂ ಗುರುತೇ ಇದೆ. ಒಳಗೆ ಇಂಟೆಲ್ ಕೋರ್ ಡ್ಯುಯೊ ಟಿ2400, 1.83 ಗಿಗಾಹರ್ಟ್ಸ್. 945 ಚಿಪ್‌ಸೆಟ್, ಅದರಲ್ಲೇ ಸೇರಿದ ಜಿಎಂಎ 950 ಗ್ರಾಫಿಕ್ಸ್, 1 ಜಿಬಿ ರ‍್ಯಾಮ್, ಕರಕರ ಅನ್ನುವ ಹಾರ್ಡ್‌ಡಿಸ್ಕ್. ಅದರಲ್ಲಿ ನಾನೇ ಹಿಂದೆ ಹಾಕಿಕೊಟ್ಟಿದ್ದ 32 ಬಿಟ್ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಓಡುತ್ತಿತ್ತು. ಯಜಮಾನರು ಹನುಮಂತನಗರದ ನಮ್ಮ ಸೋದರಮಾವ, ನಿವೃತ್ತ ಕನ್ನಡ ಮೇಷ್ಟ್ರು. ಲೇಖನ ಬರೆಯುತ್ತಾರೆ, ಪತ್ರಿಕೆಗಳಿಗೆ ಮೇಲ್ ಮಾಡುತ್ತಾರೆ, ಹಳೆ ಹಾಡು ಕೇಳುತ್ತಾರೆ. ಅಷ್ಟೇ ಬಳಕೆ.

‘ಹೊಸದು ಕೊಡಿಸ್ತೀನಿ ಮಾವ’ ಅಂದೆ.

‘ಬೇಡ ಕಣೋ. ಹೊಸದರ ಕೀಲಿ ಒತ್ತಿದ್ರೆ ಒತ್ತಿದ ಹಾಗೇ ಇರಲ್ಲ. ಇದನ್ನೇ ಸರಿ ಮಾಡಿಕೊಡು’ ಅಂದರು.

ಟಿ60ರ ಏಳು ಸಾಲಿನ ಕೀಬೋರ್ಡ್ ಮುಟ್ಟಿದವರು ಯಾರೂ ಈ ಮಾತಿಗೆ ಎದುರಾಡುವುದಿಲ್ಲ. ನಾನೂ ಸುಮ್ಮನಾದೆ.

ಅವರ ದೂರು ಮಾತ್ರ ಬೇರೆ. ‘ಇಂಟರ್‌ನೆಟ್ ಬರ್ತಿಲ್ಲ.’ ಮನೆಯ ವೈಫೈ ಚೆನ್ನಾಗಿತ್ತು, ಅತ್ತೆಯ ಫೋನಿನಲ್ಲಿ ಧಾರಾವಾಹಿ ಓಡುತ್ತಿತ್ತು. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ 0271 ಅನ್ನುವ ಎರರ್ ಬಂತು, ದಿನಾಂಕ ಮತ್ತು ಸಮಯ ನೋಡಿ ಅಂತ. ಮದರ್‌ಬೋರ್ಡಿನ ಗಡಿಯಾರ ನಡೆಸುವ ಪುಟ್ಟ ಸೆಲ್ ಸತ್ತಿತ್ತು. ಚಾರ್ಜರ್ ಕಿತ್ತಾಗಲೆಲ್ಲ ಮೆಷಿನ್ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಇವತ್ತಿನ ವೆಬ್‌ಸೈಟುಗಳೆಲ್ಲ ಸರ್ಟಿಫಿಕೇಟ್ ತೋರಿಸುತ್ತವೆ. ಅದರಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಅಂತ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ, ಹಾಗಾಗಿ ಬ್ರೌಸರ್ ಬಾಗಿಲು ತೆಗೆಯುವುದಿಲ್ಲ. ಡೆಬಿಯನ್ನಿನ ಅಪ್‌ಡೇಟ್ ಕೂಡ ಇದೇ ಕಾರಣಕ್ಕೆ ನಿಲ್ಲುತ್ತದೆ. ಸಿಆರ್2032 ಸೆಲ್ಲು, ಆದರೆ ಎರಡು ವೈರು ಮತ್ತು ಪುಟ್ಟ ಕನೆಕ್ಟರ್ ಇರುವ ಬಗೆ. ಹಳೆ ಲ್ಯಾಪ್‌ಟಾಪಿನಲ್ಲಿ ನೆಟ್ ಬರಲಿಲ್ಲ ಅಂದರೆ ರೂಟರ್ ಬೈಯುವ ಮೊದಲು ಮೂಲೆಯಲ್ಲಿರುವ ಗಡಿಯಾರ ನೋಡಿ.

ಸೆಲ್ ಒಂದನ್ನೇ ಹಾಕಿ ವಾಪಸ್ ಕೊಡಬಹುದಿತ್ತು. ಆದರೆ ಡೆಬಿಯನ್ 12ರ ಆಚೆಗೆ ಈ ಮೆಷಿನ್ ಹೋಗುವ ಹಾಗಿರಲಿಲ್ಲ. 2025ರ ಆಗಸ್ಟ್ 9ಕ್ಕೆ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಓಎಸ್‌ನ ತಿರುಳಾದ ಕರ್ನಲ್ ಕೂಡ ಇಲ್ಲ. 32 ಬಿಟ್ ಪ್ಯಾಕೇಜುಗಳು ಉಳಿದಿರುವುದು 64 ಬಿಟ್ ಯಂತ್ರದ ಮೇಲೆ ಹಳೆ ಪ್ರೋಗ್ರಾಂ ಓಡಿಸುವುದಕ್ಕೆ ಮಾತ್ರ. ಡೆಬಿಯನ್ 12ಕ್ಕೆ ಎಲ್‌ಟಿಎಸ್, ಅಂದರೆ ದೀರ್ಘಾವಧಿಯ ಅಪ್‌ಡೇಟ್, ಇರುವುದು 2028ರ ಜೂನ್ ತನಕ. ಉಬುಂಟು ಈ ಬಾಗಿಲನ್ನು 2019ರಲ್ಲೇ ಮುಚ್ಚಿತು. ಕ್ರೋಮ್ ಅಂತೂ 32 ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತ್ತು. ಫೈರ್‌ಫಾಕ್ಸ್ 144ನೇ ಆವೃತ್ತಿಯವರೆಗೆ ಕೈ ಹಿಡಿದು 145ಕ್ಕೆ ಬಿಟ್ಟಿತು. ಬ್ರೌಸರ್ ಹೋದ ಮೇಲೆ ಮಿಕ್ಕಿದ್ದೆಲ್ಲ ಇದ್ದರೂ ಮನೆಯವರ ಲೆಕ್ಕದಲ್ಲಿ ಆ ಕಂಪ್ಯೂಟರ್ ಹೋಯಿತು ಅಂತಲೇ.

ಅಪ್‌ಡೇಟ್ ಬರುತ್ತಿದ್ದ ಕಾಲದಲ್ಲೂ 32 ಬಿಟ್‌ಗೆ ಸಿಗುತ್ತಿದ್ದದ್ದು ಕೊನೆಯ ಪಂಕ್ತಿಯ ಊಟ. 2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲಿ ಮೆಲ್ಟ್‌ಡೌನ್ ಅನ್ನುವ ಭದ್ರತಾ ದೋಷ ಹೊರಬಿತ್ತಲ್ಲ, 64 ಬಿಟ್ ಲಿನಕ್ಸಿಗೆ ಅದೇ ತಿಂಗಳು 4.15ನೇ ಕರ್ನಲ್ಲಿನಲ್ಲಿ ಪರಿಹಾರ ಬಂತು. 32 ಬಿಟ್‌ನವರು ಅದೇ ಪರಿಹಾರಕ್ಕೆ ಅಕ್ಟೋಬರಿನ 4.19ರ ತನಕ ಕಾದರು. ಇನ್ನೊಂದು: 2038ರ ಜನವರಿ 19ಕ್ಕೆ ಸೆಕೆಂಡು ಎಣಿಸುವ 32 ಬಿಟ್ ಲೆಕ್ಕ ತುಂಬಿ ಮುಗಿಯುತ್ತದೆ. ಡೆಬಿಯನ್ 13ರಲ್ಲಿ 32 ಬಿಟ್ ಎಆರ್‌ಎಂಗೆ (ಇಂಟೆಲ್ ಅಲ್ಲದ ಇನ್ನೊಂದು ಬಗೆಯ ಪ್ರೊಸೆಸರ್) ಅದನ್ನು ಸರಿಪಡಿಸಿದರು. ಇಂಟೆಲ್ 32 ಬಿಟ್ಟನ್ನು ಹಾಗೇ ಬಿಟ್ಟರು, ಹಳೆ ಪ್ರೋಗ್ರಾಂಗಳು ಕೆಡಬಾರದು ಅಂತ.

ಟಿ60ಗೆ ಒಂದು ಅದೃಷ್ಟ ಇದೆ. ಕೋರ್ ಡ್ಯುಯೊ ಬಂದದ್ದು 2006ರ ಜನವರಿಯಲ್ಲಿ. ಅದೇ ಜುಲೈನಲ್ಲಿ ಕೋರ್ 2 ಡ್ಯುಯೊ ಬಂತು. ಹೆಸರಿನಲ್ಲಿ ಒಂದು 2 ಸೇರಿದೆ, ಅಷ್ಟೇ ಅನ್ನಿಸುತ್ತದೆ. ಆದರೆ ಮೊದಲನೆಯದು ಬರೀ 32 ಬಿಟ್, ಎರಡನೆಯದು 64 ಬಿಟ್. ಲ್ಯಾಪ್‌ಟಾಪಿನ ಈ ಎರಡೂ ಚಿಪ್‌ಗಳು ಕೂರುವುದು ಒಂದೇ ಸಾಕೆಟ್ಟಿನಲ್ಲಿ, ಸಾಕೆಟ್ ಎಂ. ಟಿ60ರಲ್ಲಿ ಪ್ರೊಸೆಸರನ್ನು ಬೆಸುಗೆ ಹಾಕಿಲ್ಲ, ಸಾಕೆಟ್ಟಿನಲ್ಲಿ ಕೂರಿಸಿದ್ದಾರೆ. ಅಂದರೆ ತೆಗೆದು ಬೇರೆ ಹಾಕಬಹುದು.

ಹುಡುಕಬೇಕಾದ ಚಿಪ್ ಟಿ7200. 2 ಗಿಗಾಹರ್ಟ್ಸ್, 4 ಎಂಬಿ ಕ್ಯಾಶ್, 667ರ ಬಸ್ (ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವಿನ ದಾರಿಯ ವೇಗ). ಟಿ5500, ಟಿ5600 ಕೂಡ ಆಗುತ್ತವೆ. ಅಂಗಡಿಯಲ್ಲಿ ಮೋಸ ಹೋಗುವುದು ಎಲ್ಲಿ ಅಂದರೆ ಟಿ7250, ಟಿ7300, ಟಿ7500ಗಳಲ್ಲಿ. ಇವೂ ಕೋರ್ 2 ಡ್ಯುಯೊಗಳೇ, ನಂಬರೂ ಹತ್ತಿರ ಹತ್ತಿರ, ಪಿನ್ನುಗಳ ಲೆಕ್ಕವೂ 478 ಅಂತಲೇ. ಆದರೆ ಅವು 800ರ ಬಸ್ಸಿನವು, ಸಾಕೆಟ್ ಪಿ. ಪಿನ್ನಿನ ಜೋಡಣೆಯೇ ಬೇರೆ, ಕೂರುವುದಿಲ್ಲ. ಚಿಪ್ಪಿನ ಮೇಲೆ ಎಸ್‌ಎಲ್ ಅಂತ ಶುರುವಾಗುವ ಐದಕ್ಷರದ ಕೋಡ್ ಇರುತ್ತದೆ. ದುಡ್ಡು ಕೊಡುವ ಮೊದಲು ಫೋನಿನಲ್ಲಿ ಅದನ್ನು ಹುಡುಕಿ ನೋಡಿಕೊಳ್ಳಿ.

ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್‌ಪಿ ರೋಡಿಗೆ ನಡೆದೆ. ರಸ್ತೆ ಬದಿಯ ದೊಡ್ಡ ಅಂಗಡಿಗಳಲ್ಲಿ ಇಂಥದ್ದು ಕೇಳಿ ಪ್ರಯೋಜನ ಇಲ್ಲ. ಅಲ್ಲಿ ಎಸ್‌ಎಸ್‌ಡಿ, ಹೊಸ ರ‍್ಯಾಮ್, ಸಿಸಿಟಿವಿ. ಒಳಗಿನ ಸಂದುಗಳಲ್ಲಿ, ಮೆಟ್ಟಿಲು ಹತ್ತಿ ಹೋದರೆ ಸಿಗುವ ರಿಪೇರಿ ಅಂಗಡಿಗಳೇ ಇದಕ್ಕೆ ಸರಿ. ಒಬ್ಬರು ಮೇಜಿನ ಕೆಳಗಿಂದ ಪ್ಲಾಸ್ಟಿಕ್ ಡಬ್ಬ ಎಳೆದು ಮುಂದಿಟ್ಟರು. ಸತ್ತ ಬೋರ್ಡುಗಳಿಂದ ಕಿತ್ತ ಪ್ರೊಸೆಸರುಗಳು.

‘ಹುಡುಕ್ಕೊಳ್ಳಿ ಸಾರ್. ಇವೆಲ್ಲ ತೂಕಕ್ಕೆ ಹೋಗೋ ಮಾಲು, ಪಿನ್ನಲ್ಲಿರೋ ಚಿನ್ನಕ್ಕೆ ತಗೊಂಡು ಹೋಗ್ತಾರೆ. ನಿಮಗೆ ಇದು ಯಾಕೆ?’

‘ಟಿ60ಗೆ ಅಣ್ಣ.’

‘ಟಿ60ನಾ! ಇನ್ನೂ ಓಡಿಸ್ತಿದೀರಾ? ಫ್ಯಾನ್ ಬೇಕಾದ್ರೆ ಹೇಳಿ, ಅದೇ ಮೊದಲು ಹೋಗೋದು.’

ಫ್ಯಾನ್ ಬೇಡ ಅಂದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಡಬ್ಬದಲ್ಲಿ ಪಿನ್ ಬಾಗದ ಒಂದು ಟಿ7200 ಸಿಕ್ಕಿತು, 350 ರೂಪಾಯಿ. ಪಿನ್ನುಗಳ ಸಾಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ನೋಡಬೇಕು. ಒಂದು ಬಾಗಿದ್ದರೂ ಸಾಲು ಒಡೆದು ಕಾಣುತ್ತದೆ. ಜೊತೆಗೆ ಡಿಡಿಆರ್2 667ರ ರ‍್ಯಾಮ್ ಎರಡು, 2 ಜಿಬಿಯವು. ಹಳೆ ರ‍್ಯಾಮ್‌ಗೆ ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವುದು ವಾಡಿಕೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವೈರಿನ ಸೆಲ್, ಥರ್ಮಲ್ ಪೇಸ್ಟ್, ಚಿಕ್ಕದೊಂದು ಹೊಸ ಸಾಟಾ ಎಸ್‌ಎಸ್‌ಡಿ ಕೂಡ ತೆಗೆದುಕೊಂಡೆ. ಡಿಸ್ಕ್ ಜೋಡಿಸುವ ಸಾಟಾ ದಾರಿ ಟಿ60ರಲ್ಲಿ ಸೆಕೆಂಡಿಗೆ 1.5 ಗಿಗಾಬಿಟ್ ಮಾತ್ರ. ಜಾಸ್ತಿ ವೇಗದ, ಜಾಸ್ತಿ ಬೆಲೆಯ ಎಸ್‌ಎಸ್‌ಡಿ ಹಾಕಿದರೂ ಅಷ್ಟೇ ಬರುವುದು. ಕಡಿಮೆಯದೇ ಸಾಕು.

ಹೊಸ ಪ್ರೊಸೆಸರ್ ಕೂರಿಸುವ ಮೊದಲು ಬಯಾಸ್, ಅಂದರೆ ಆನ್ ಮಾಡಿದ ಕೂಡಲೇ ಓಡುವ ಒಳಗಿನ ಪ್ರೋಗ್ರಾಂ, ನೋಡಬೇಕು. 2006ರ ಶುರುವಿನ ಟಿ60ಗಳ ಬಯಾಸ್‌ಗೆ ಕೋರ್ 2 ಡ್ಯುಯೊ ಪರಿಚಯ ಇರುವುದಿಲ್ಲ. ಅಪ್‌ಡೇಟ್ ಮಾಡಬೇಕೆಂದರೆ ಚಾರ್ಜ್ ಇರುವ ಬ್ಯಾಟರಿ ಕೇಳುತ್ತದೆ. ಮಾವನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿದೆ. ಪುಣ್ಯಕ್ಕೆ ಈ ಮೆಷಿನ್ನಿಗೆ ಹಿಂದೆ ಯಾರೋ ಹೊಸ ಬಯಾಸ್ ಹಾಕಿದ್ದರು. ಇಲ್ಲದಿದ್ದರೆ ಹಳೆ ಪ್ರೊಸೆಸರ್ ಇರುವಾಗಲೇ, ಯಾರದ್ದಾದರೂ ಬ್ಯಾಟರಿ ಎರವಲು ತಂದು ಆ ಕೆಲಸ ಮುಗಿಸಿಕೊಳ್ಳಬೇಕು.

ಬಿಚ್ಚುವುದು ಸುಲಭ. ಥಿಂಕ್‌ಪ್ಯಾಡುಗಳ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್ ಯಾರಿಗೆ ಬೇಕಾದರೂ ಸಿಗುತ್ತದೆ. ಯಾವ ಸ್ಕ್ರೂ ಎಲ್ಲಿ, ಎಷ್ಟುದ್ದ, ಎಲ್ಲ ಅದರಲ್ಲಿದೆ. ಅಡಿಯಿಂದ ಸ್ಕ್ರೂ ತೆಗೆದರೆ ಕೀಬೋರ್ಡ್ ಏಳುತ್ತದೆ, ಆಮೇಲೆ ಅಂಗೈ ಇಡುವ ಭಾಗ. ರ‍್ಯಾಮ್ ಅದರ ಕೆಳಗೇ ಇದೆ. ಕೀಬೋರ್ಡಿನ ಕನೆಕ್ಟರನ್ನು ಮಾತ್ರ ನಿಧಾನವಾಗಿ ಎತ್ತಬೇಕು. ಕಿತ್ತ ಸ್ಕ್ರೂಗಳನ್ನು ಬಿಳಿ ಹಾಳೆಯ ಮೇಲೆ, ಅವು ಇದ್ದ ಜಾಗದ ಪ್ರಕಾರ ಇಟ್ಟುಕೊಂಡೆ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತದೆ.

ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬೆಂಗಳೂರಿನ ಧೂಳು ಕಂಬಳಿ ಕಟ್ಟಿಕೊಂಡಿತ್ತು. ಮನೆ ಎದುರಿನ ರಸ್ತೆಯನ್ನು ಪೈಪಿಗೆ ಒಮ್ಮೆ, ಕೇಬಲ್ಲಿಗೆ ಒಮ್ಮೆ ಅಗೆದರೆ ಇನ್ನೇನಾಗುತ್ತದೆ. ಹಳೆ ಪೇಸ್ಟ್ ಒಣಗಿ ಸುಣ್ಣದ ಚೂರಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಪ್ರೊಸೆಸರ್ ಪಕ್ಕದ ಚಿಪ್‌ಸೆಟ್ ಮೇಲೆ ಪೇಸ್ಟ್ ಅಲ್ಲ, ಪ್ಯಾಡ್ ಇರುತ್ತದೆ. ಅಲ್ಲಿ ಸಂದು ದೊಡ್ಡದು, ಪೇಸ್ಟ್ ಸವರಿದರೆ ಸಂದು ತುಂಬುವುದಿಲ್ಲ. ಪ್ಯಾಡ್ ಗಟ್ಟಿಯಾಗಿದ್ದರೆ ಅಷ್ಟೇ ದಪ್ಪದ ಹೊಸ ಪ್ಯಾಡ್ ಹಾಕಬೇಕು. ಸಾಕೆಟ್ಟಿನ ಮೂಲೆಯಲ್ಲಿ ಒಂದು ಸ್ಕ್ರೂ ಇದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಹಳೆ ಪ್ರೊಸೆಸರ್ ಸಡಿಲ ಆಗುತ್ತದೆ. ಹೊಸದನ್ನು ಮೂಲೆ ಗುರುತು ನೋಡಿ ಇಟ್ಟರೆ ತಾನಾಗಿ ಕೂರುತ್ತದೆ. ಒತ್ತುವ ಅಗತ್ಯವೇ ಇಲ್ಲ. ಒತ್ತಬೇಕು ಅನ್ನಿಸಿದರೆ ಏನೋ ಸರಿಯಿಲ್ಲ ಅಂತ ಅರ್ಥ.

ಎಲ್ಲ ಜೋಡಿಸಿ ಆನ್ ಮಾಡಿದರೆ ಪರದೆಯ ಮೇಲೆ ‘ಫ್ಯಾನ್ ಎರರ್’. ಆಫ್. ಥಿಂಕ್‌ಪ್ಯಾಡ್ ಬಯಾಸ್ ಫ್ಯಾನ್ ತಿರುಗದಿದ್ದರೆ ಮುಂದೆ ಹೋಗಲು ಬಿಡುವುದೇ ಇಲ್ಲ, ಅದು ಒಳ್ಳೆಯ ಗುಣ. ಇಷ್ಟು ವರ್ಷ ಧೂಳಿನ ನಡುವೆಯೇ ತಿರುಗಿ ಸವೆದಿದ್ದ ಬೇರಿಂಗು, ಧೂಳು ತೆಗೆದ ಮೇಲೆ ಹಟ ಹಿಡಿಯಿತು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟೆ. ತಿರುಗಿತು, ಆದರೆ ಗೊರಗೊರ ಸದ್ದು. ಎಣ್ಣೆ ತಾತ್ಕಾಲಿಕ ಉಪಾಯ, ಕೆಲವು ವಾರಕ್ಕೆ ಮತ್ತೆ ಅದೇ ಕಥೆ. ಮತ್ತೆ ಎಸ್‌ಪಿ ರೋಡು. ‘ಹೇಳಿದ್ನಲ್ಲ ಸಾರ್’ ಅಂತ ಅವರು ನಗುತ್ತಲೇ ಫ್ಯಾನ್ ಕೊಟ್ಟರು. ಗಮನಿಸಿ, ಎಟಿಐ ಗ್ರಾಫಿಕ್ಸ್ ಇರುವ ಟಿ60ರ ಹೀಟ್‌ಸಿಂಕ್ ಬೇರೆ ಆಕಾರದ್ದು. ಫ್ಯಾನ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ.

ಈಗ ಬೂಟ್ ಆಯಿತು. ಹಳೆ ಡೆಬಿಯನ್ನಿನಲ್ಲೇ ಪ್ರೊಸೆಸರಿನ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟೆ. ಮೊದಲು ಬರೀ ‘32 ಬಿಟ್’ ಅಂತಿದ್ದ ಸಾಲಿನಲ್ಲಿ ಈಗ ‘32 ಬಿಟ್, 64 ಬಿಟ್’ ಅಂತ ಬಂತು. 31 ವ್ಯಾಟಿನ ಚಿಪ್ ಹೋಗಿ 34 ವ್ಯಾಟಿನದು ಬಂದಿದ್ದರೂ ಹೊಸ ಪೇಸ್ಟು, ಫ್ಯಾನಿನ ಜೊತೆ ಬಿಸಿ ಮೊದಲಿಗಿಂತ ಎಷ್ಟೋ ಕಡಿಮೆ. ಮುಂಚೆ ವಿಡಿಯೊ ನೋಡಿದರೆ 90 ಡಿಗ್ರಿ ಹತ್ತಿರ ಹೋಗುತ್ತಿತ್ತು.

ರ‍್ಯಾಮ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. 4 ಜಿಬಿ ಹಾಕಿದರೂ ಕಾಣುವುದು 3 ಜಿಬಿ ಆಸುಪಾಸು. ಮಿತಿ ಇರುವುದು 945 ಚಿಪ್‌ಸೆಟ್ಟಿನಲ್ಲಿ, 64 ಬಿಟ್ ಓಎಸ್ ಹಾಕಿದರೆ ಅದು ಹೋಗುವುದಿಲ್ಲ. 64 ಬಿಟ್‌ನಲ್ಲಿ ಪ್ರೋಗ್ರಾಂಗಳು ಇನ್ನೂ ಸ್ವಲ್ಪ ಜಾಸ್ತಿಯೇ ರ‍್ಯಾಮ್ ತಿನ್ನುತ್ತವೆ. ನಮಗೆ ಬೇಕಾದದ್ದು ಅಪ್‌ಡೇಟ್, ವೇಗ ಅಲ್ಲ. ವೇಗ ಕೊಟ್ಟದ್ದು ಎಸ್‌ಎಸ್‌ಡಿ.

64 ಬಿಟ್ ಆದ ಮಾತ್ರಕ್ಕೆ ಎಲ್ಲ ಲಿನಕ್ಸೂ ಓಡುತ್ತದೆ ಅಂತಲೂ ಅಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಎಸ್‌ಎಸ್‌ಇ 4.2 ಅನ್ನುವ ಆಜ್ಞೆಗಳ ಗುಂಪು ಇರುವ ಪ್ರೊಸೆಸರ್ ಬೇಕು, ಟಿ7200ರಲ್ಲಿ ಅದಿಲ್ಲ. ವಿಂಡೋಸ್ 11ರ ಮಾತಂತೂ ಬಿಡಿ. ಡೆಬಿಯನ್ ಇನ್ನೂ ಮೊದಮೊದಲ 64 ಬಿಟ್ ಚಿಪ್‌ಗಳನ್ನೇ ಲೆಕ್ಕಕ್ಕೆ ಇಟ್ಟುಕೊಂಡಿದೆ. ಅದಕ್ಕೇ ಡೆಬಿಯನ್.

ಬಯಾಸ್‌ನಲ್ಲಿ ಸಾಟಾವನ್ನು ಎಎಚ್‌ಸಿಐಗೆ (ಡಿಸ್ಕ್ ಜೊತೆ ಮಾತಾಡುವ ಹೊಸ ಬಗೆ) ಬದಲಿಸಿ, ಪೆನ್‌ಡ್ರೈವಿನಿಂದ ಡೆಬಿಯನ್ 13 ಹಾಕಿದೆ. ಇನ್‌ಸ್ಟಾಲ್ ಹೊತ್ತಿಗೆ ರೂಟರಿನಿಂದ ನೆಟ್‌ವರ್ಕ್ ಕೇಬಲ್ ಎಳೆದುಕೊಂಡೆ, ತಲೆನೋವು ಕಡಿಮೆ. ವೈಫೈಗೆ ಇರುವುದು ಇಂಟೆಲ್ 3945 ಕಾರ್ಡ್. ಅದನ್ನು ನಡೆಸುವ ಫರ್ಮ್‌ವೇರ್ ಡೆಬಿಯನ್ 12ರಿಂದ ಈಚೆಗೆ ಇನ್‌ಸ್ಟಾಲರಿನ ಜೊತೆಗೇ ಬರುತ್ತದೆ. ಆ ಕಾರ್ಡ್ ನಿಧಾನದ್ದು. ಬದಲಿಸೋಣ ಅಂದರೆ ಬಯಾಸ್‌ನಲ್ಲಿ ಒಪ್ಪಿಗೆ ಪಟ್ಟಿ ಇದೆ, ಬೇರೆ ಕಾರ್ಡ್ ಕಂಡರೆ 1802 ಎರರ್ ಕೊಟ್ಟು ನಿಲ್ಲುತ್ತದೆ. ಬಯಾಸ್ ಬದಲಿಗೆ ಕೋರ್‌ಬೂಟ್ ಅನ್ನುವ ಮುಕ್ತ ಪ್ರೋಗ್ರಾಂ ಹಾಕಿದರೆ ಆ ಕಾಟ ತಪ್ಪುತ್ತದೆ, ಟಿ60ಗೆ ಅದು ಇದೆ ಕೂಡ. ಮಾವನ ಮೇಲ್‌ಗೆ ಅಷ್ಟೆಲ್ಲ ಬೇಡ ಅಂತ ಬಿಟ್ಟೆ.

ಡೆಸ್ಕ್‌ಟಾಪ್ ಹಗುರವಾದ ಎಕ್ಸ್‌ಎಫ್‌ಸಿಇ. ಅದಾದ ಮೇಲೆ ಮಾಡಿದ ಬದಲಾವಣೆ ಎರಡೇ. ಡೆಬಿಯನ್ 13ರಲ್ಲಿ ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರ್ ಡಿಸ್ಕಿನಲ್ಲಿ ಇರುವುದಿಲ್ಲ, ರ‍್ಯಾಮಿನಲ್ಲಿ ಇರುತ್ತದೆ, ಅರ್ಧ ರ‍್ಯಾಮಿನವರೆಗೂ ಬೆಳೆಯಬಹುದು. 3 ಜಿಬಿಯ ಮೆಷಿನ್ನಿಗೆ ಇದು ದುಬಾರಿ. ಸೇವೆಗಳನ್ನು ಶುರು ಮಾಡುವ ಸಿಸ್ಟಂಡಿಯಲ್ಲಿ ಟೆಂಪ್ ಮೌಂಟ್ ಯುನಿಟ್ಟನ್ನು ಮಾಸ್ಕ್ ಮಾಡಿ (ಶುರುವಾಗದಂತೆ ತಡೆದು) ರೀಬೂಟ್ ಮಾಡಿದರೆ ಮತ್ತೆ ಡಿಸ್ಕಿಗೆ ಹೋಗುತ್ತದೆ. ಇನ್ನೊಂದು, ಜೆಡ್‌ರ‍್ಯಾಮ್. ರ‍್ಯಾಮ್ ತುಂಬಿದಾಗ ಡಿಸ್ಕಿಗೆ ತಳ್ಳುವ ಬದಲು ಅಲ್ಲೇ ಕುಗ್ಗಿಸಿ ಇಡುವ ವ್ಯವಸ್ಥೆ. ಎಲ್‌ಜೆಡ್4 ವಿಧಾನ ಆರಿಸಿದೆ, ಹಳೆ ಪ್ರೊಸೆಸರಿಗೆ ಅದರ ಭಾರ ಕಡಿಮೆ.

ಬ್ರೌಸರಿಗೆ ಫೈರ್‌ಫಾಕ್ಸಿನ ದೀರ್ಘಾವಧಿ ಆವೃತ್ತಿ ಇಎಸ್‌ಆರ್, ಜೊತೆಗೆ ಯುಬ್ಲಾಕ್ ಆರಿಜಿನ್. ಜಾಹೀರಾತು ತಡೆದರೆ ಹಳೆ ಮೆಷಿನ್ನಿಗೆ ಸಿಗುವ ಉಸಿರು ಯಾವ ಲೈಟ್ ಡೆಸ್ಕ್‌ಟಾಪೂ ಕೊಡುವುದಿಲ್ಲ. ಯೂಟ್ಯೂಬ್ ಮಾತ್ರ ಕಷ್ಟವೇ. ಜಿಎಂಎ 950ಗೆ ಇವತ್ತಿನ ವಿಡಿಯೊ ಬಿಡಿಸುವ ಶಕ್ತಿ ಇಲ್ಲ, ಎಲ್ಲ ಪ್ರೊಸೆಸರೇ ಮಾಡಬೇಕು. ಎಚ್264 ರೂಪದ ವಿಡಿಯೊನೇ ಕೊಡು ಅಂತ ಕೇಳುವ ಎಕ್ಸ್‌ಟೆನ್ಶನ್ ಹಾಕಿದ ಮೇಲೆ 480ಪಿ ತನಕ ತಡೆಯಿಲ್ಲದೆ ಓಡುತ್ತದೆ. ಕಪ್ಪುಬಿಳುಪು ಚಿತ್ರಗೀತೆಗೆ ಅಷ್ಟು ಸಾಕು ಅಲ್ವಾ?

ಕನ್ನಡ ಟೈಪಿಂಗ್‌ಗೆ ಐಬಸ್, ಎಂ17ಎನ್ ಅನ್ನುವ ಪ್ರೋಗ್ರಾಂಗಳನ್ನು ಹಾಕಿ ಕಗಪ ಕೀಲಿ ವಿನ್ಯಾಸ ಆರಿಸಿದೆ. ಮಾವನ ಬೆರಳು ಒಗ್ಗಿರುವುದು ನುಡಿ ತಂತ್ರಾಂಶಕ್ಕೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಮೇಲೆ ನಿಂತದ್ದೇ ಅದು, ಒತ್ತಕ್ಷರಕ್ಕೆ ಎಫ್ ಕೀ. ‘ಎಲ್ಲ ಅಲ್ಲಲ್ಲೇ ಇದೆ ಕಣೋ’ ಅಂದರು. ಅಕ್ಷರಕ್ಕೆ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ನಿನಲ್ಲೇ ಇವೆ.

ಕೆಲಸ ಹಿಡಿದದ್ದು ಅವರ ಹಳೆ ಫೈಲುಗಳು. ವಿಂಡೋಸ್ ಕಾಲದಲ್ಲಿ ನುಡಿಯಲ್ಲಿ ಬರೆದವು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಬಳಸುತ್ತಿದ್ದರು. ಫಾಂಟ್ ಇಲ್ಲದಿದ್ದರೆ ಲಿಬ್ರೆಆಫೀಸಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಳೆ ಡಿಸ್ಕಿನಲ್ಲಿದ್ದ ನುಡಿ ಫಾಂಟುಗಳನ್ನು ಹೋಮ್ ಫೋಲ್ಡರಿನ ಫಾಂಟ್ಸ್ ಜಾಗಕ್ಕೆ ಹಾಕಿದ ಕೂಡಲೇ ಲೇಖನಗಳು ಓದುವ ಹಾಗಾದವು. ಆದರೆ ಹುಡುಕಿದರೆ ಸಿಗುವುದಿಲ್ಲ, ಮೇಲ್‌ಗೆ ಅಂಟಿಸಿದರೆ ಮತ್ತೆ ಚಿಹ್ನೆ. ಯುನಿಕೋಡಿಗೆ ಬದಲಿಸುವ ಕನ್ವರ್ಟರುಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಲ್ಲಿ ಓದಿಯೇ ತಿದ್ದಬೇಕು. ಆ ಕೆಲಸ ಮೇಷ್ಟ್ರಿಗೇ ಬಿಟ್ಟೆ, ಕೆಂಪು ಪೆನ್ನಿನ ಅಭ್ಯಾಸ ಅವರಿಗಿದೆ.

ಟಿ60 ಅಲ್ಲ, ಎಕ್ಸ್60 ಇದ್ದವರು ಈ ದಾರಿ ಹಿಡಿಯುವ ಹಾಗಿಲ್ಲ. ಅದರಲ್ಲಿ ಪ್ರೊಸೆಸರ್ ಬೆಸುಗೆ ಹಾಕಿದ್ದು. 2008ರ ಸುಮಾರಿನ ಆಟಮ್ ಎನ್270 ನೆಟ್‌ಬುಕ್ಕುಗಳೂ ಹಾಗೇ. ಅಂಥವರು ಡೆಬಿಯನ್ 12ರಲ್ಲೇ 2028ರ ತನಕ ಇರಬಹುದು. ಆಮೇಲೆ ಲಿನಕ್ಸಿನ ಹಾಗೇ ಇರುವ ಇನ್ನೊಂದು ಓಎಸ್ ನೆಟ್‌ಬಿಎಸ್‌ಡಿ ನೋಡಬಹುದು. 2024ರ ಮಾರ್ಚಿನಲ್ಲಿ ಬಂದ ಅದರ 10ನೇ ಆವೃತ್ತಿಯಲ್ಲೂ 32 ಬಿಟ್ ಪಿಸಿಗೆ ಜಾಗ ಇದೆ. ಬ್ರೌಸರ್ ಬಿಟ್ಟು ಬರೆಯಲು, ಫೈಲ್ ಇಡಲು, ಮನೆಯ ಪ್ರಿಂಟರ್ ಹಂಚಲು ಅದು ಧಾರಾಳವಾಯಿತು. ಓಪನ್‌ಬಿಎಸ್‌ಡಿ ಕೂಡ ಇದೆ, ಆದರೆ ಪ್ರತಿ ಬೂಟಿಗೂ ಕರ್ನಲ್ಲನ್ನು ಹೊಸದಾಗಿ ಜೋಡಿಸುತ್ತದೆ. ಹಳೆ ಹಾರ್ಡ್‌ಡಿಸ್ಕಿಗೆ ಅದು ಹಿಂಸೆ.

ಮಾವನ ಮೆಷಿನ್ನಿನಲ್ಲಿ ಉಳಿದಿರುವುದು ಪರದೆ ಮತ್ತು ಬ್ಯಾಟರಿ. ಪರದೆಯ ಹಿಂದಿನ ದೀಪ ಎಲ್‌ಇಡಿ ಅಲ್ಲ, ಟ್ಯೂಬ್‌ಲೈಟಿನ ಜಾತಿಯದು. ವಯಸ್ಸಾಗಿ ಹಳದಿ ತಿರುಗಿದೆ. ಮೇಷ್ಟ್ರಿಗೆ ಕಣ್ಣಿಗೆ ಹಿತವಂತೆ, ಹಾಗಾಗಿ ಮುಟ್ಟಲಿಲ್ಲ. ಬ್ಯಾಟರಿಯನ್ನು ಪೂರ್ತಿ ತೆಗೆದಿಟ್ಟಿದ್ದೇನೆ. ಕರೆಂಟ್ ಹೋದರೆ ಮೆಷಿನ್ನೂ ಹೋಗುತ್ತದೆ. ಲಿಬ್ರೆಆಫೀಸಿನಲ್ಲಿ ಆಟೊರಿಕವರಿಯನ್ನು 2 ನಿಮಿಷಕ್ಕೆ ಇಟ್ಟು, ಚಾರ್ಜರನ್ನು ಮನೆಯ ಯುಪಿಎಸ್ ಪಾಯಿಂಟಿಗೆ ಚುಚ್ಚಿದೆ. ಅಲ್ಲಿ ಮೊದಲು ಇದ್ದದ್ದು ಮಿಕ್ಸಿ. ಅತ್ತೆ ಇನ್ನೂ ಒಪ್ಪಿಲ್ಲ.